ಕೂದಲು ಕೊಂಕದಂತೆ

ದಿನಪತ್ರಿಕೆಯ ಶ್ರದ್ಧಾಂಜಲಿಯ ಪುಟವನ್ನು ತಿರುವಿಹಾಕದೆ ಒಂದಿಷ್ಟು ಹೊತ್ತು ನೋಡುವ ಅಭ್ಯಾಸವುಳ್ಳವರಿಗೆ ನಾನು ಹೇಳಹೊರಟಿರುವ ಸಂಗತಿ ಹೊಸದೆನಿಸದು. ಅಲ್ಲಿ ಸಾಲುಗೂಡಿ ನಿಂತ ಭಾವಚಿತ್ರಗಳಲ್ಲಿ ಮುಖಗಳು ಬೇರೆ ಬೇರೆ. ವಯಸ್ಸು ಬೇರೆ ಬೇರೆ. ಹಣೆಯ ಮೇಲಿನ ವಿಭೂತಿ, ಕುಂಕುಮ, ನಾಮಗಳೂ ಬೇರೆ ಬೇರೆಯೇ. ಆದರೆ ತಲೆಗಳು ಮಾತ್ರ ಒಂದೇ ಎರಕದಲ್ಲಿ ಹೊಯ್ದು ತೆಗೆದಂತಿರುತ್ತವೆ! ಅಜ್ಜಿಯ ತುರುಬೂ ಮೊಮ್ಮಗನ ಕ್ರಾಪೂ ಸಮನಾಗಿ ನುಣುಪು. ಹಿಂದೆ ಒಂದು ನೀಲಿ ಆಕಾಶ, ಅದರ ಮುಂದೆ ತಗಡಿನಲ್ಲಿ ಕತ್ತರಿಸಿ ನಿಲ್ಲಿಸಿದಂಥ ಒಂದು ಶಿರಸ್ಸು. ಬೀದಿಯ ಮೂಲೆಯ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತ ಮುಂದಾಳುಗಳದೂ ಇದೇ ಗತಿ. ಮದುವೆಯ ಆಲ್ಬಮ್ಮಿನಲ್ಲಿ ಸ್ವಿಟ್ಜರ್ಲೆಂಡಿನ ಹಿಮಪರ್ವತದ ಮುಂದೆ ನಿಂತ ನಮ್ಮೂರ ವಧೂವರರ ತಲೆಯ ಸುತ್ತ ಒಂದು ಬಿಳಿಯ ಗೆರೆ ಓಡಿರುತ್ತದೆ; ಹಿಮದ ಚಳಿಗೆ ತಲೆ ಹೆಪ್ಪುಗಟ್ಟಿತೋ ಎಂದು ಸಂದೇಹಪಡಬೇಕು.

ಇದಕ್ಕೆ ಕಾರಣ ಕೂದಲು. ಛಾಯಾಚಿತ್ರದಲ್ಲಿ ಮನುಷ್ಯನನ್ನು ಅವನ ಹಿನ್ನೆಲೆಯಿಂದ ಬಿಡಿಸಿ ತೆಗೆಯುವ ವಿದ್ಯೆಯಲ್ಲಿ ಭುಜ ಸುಲಭ, ಕೆನ್ನೆ ಸುಲಭ, ಸೀರೆಯ ಅಂಚು ಇನ್ನೂ ಸುಲಭ. ಫೋಟೋಶಾಪಿನ ಪೆನ್ ಟೂಲ್ ಹಿಡಿದು ಗೆರೆಯ ಮೇಲೆ ಚುಕ್ಕೆಯಿಟ್ಟುಕೊಂಡು ಹೋದರೆ ಆಯಿತು. ಕಿವಿಯ ಮೇಲಕ್ಕೆ ಬಂದೊಡನೆ ಕೆಲಸಗಾರನ ಕೈ ನಿಂತುಹೋಗುತ್ತದೆ. ಅಲ್ಲಿ ಗೆರೆಯೇ ಇಲ್ಲ. ಬೇಸತ್ತ ಕೈ ತಾನೇ ಒಂದು ಗೆರೆಯನ್ನು ಎಳೆದುಬಿಡುತ್ತದೆ. ಆ ಗೆರೆಯ ಹೊರಗೆ ಉಳಿದ ಮುಂಗುರುಳೆಲ್ಲ ಕಸದ ಬುಟ್ಟಿಗೆ.

ನಮ್ಮ ಹಳೆಯ ಕವಿಗಳು ಈ ಕಷ್ಟವನ್ನು ಅರಿತಿದ್ದರೆಂದೇ ನನಗೆ ತೋರುತ್ತದೆ. ಕುರುಳು, ಮುಂಗುರುಳು, ಹೆರಳು, ತುರುಬು, ಮುಡಿ, ಸೋರ್ಮುಡಿ ಎಂದು ಕೂದಲಿಗೆ ಅವರು ಇಟ್ಟ ಹೆಸರುಗಳು ಒಂದೆರಡಲ್ಲ. ಹೆಣ್ಣಿನ ಕಣ್ಣಿಗೆ ಮೀನಿನ ಹೋಲಿಕೆ ಕೊಟ್ಟವರು, ಕೊರಳಿಗೆ ಶಂಖದ ಹೋಲಿಕೆ ಕೊಟ್ಟವರು, ಕೂದಲಿನ ಮಾತು ಬಂದಾಗ ಮಾತ್ರ ದುಂಬಿಯ ಹಿಂಡಿಗೂ ಕಾರ್ಮುಗಿಲಿಗೂ ಓಡಿದರು. ಮೀನಿಗೂ ಶಂಖಕ್ಕೂ ಮೈಯಿದೆ, ಮೈಗೊಂದು ಅಂಚಿದೆ. ದುಂಬಿಯ ಹಿಂಡಿಗೆ ಅಂಚೆಲ್ಲಿ? ಮುಗಿಲು ಎಲ್ಲಿಗೆ ಮುಗಿದು ಆಕಾಶ ಎಲ್ಲಿಂದ ಮೊದಲಾಯಿತೆಂದು ಯಾರು ಹೇಳಬಲ್ಲರು? ಅಲಂಕಾರವೆಂದು ನಾವು ತರಗತಿಯಲ್ಲಿ ಬಿಡಿಸಿ ಹೇಳುವ ಆ ಉಪಮೆಯಲ್ಲಿ ಕೊಂಚ ಭೌತಶಾಸ್ತ್ರವೂ ಅಡಗಿದೆ.

ಆ ಭೌತಶಾಸ್ತ್ರದ ಲೆಕ್ಕ ಕಷ್ಟದ್ದೇನಲ್ಲ. ಮನುಷ್ಯನ ತಲೆಯಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ಕೂದಲು. ಒಂದೊಂದರ ದಪ್ಪ ಸುಮಾರು 0.07 ಮಿಲಿಮೀಟರು, ಕೆಲವರದು ಇದಕ್ಕಿಂತ ತೆಳು, ಕೆಲವರದು ಒರಟು. ಇಂದಿನ ಮೊಬೈಲ್ ಫೋನು ತೆಗೆಯುವ 12 ಮೆಗಾಪಿಕ್ಸೆಲ್ಲಿನ ಚಿತ್ರವೆಂದರೆ ಉದ್ದಕ್ಕೆ ಸುಮಾರು 4000, ಅಗಲಕ್ಕೆ ಸುಮಾರು 3000 ಚುಕ್ಕೆಗಳ ಒಂದು ರಂಗೋಲಿ. ಆ ಚುಕ್ಕೆಗೇ ಪಿಕ್ಸೆಲ್ ಎಂದು ಹೆಸರು. ನಿಂತ ಮನುಷ್ಯನೊಬ್ಬನನ್ನು ಅಡಿಯಿಂದ ಮುಡಿಯವರೆಗೆ ತೆಗೆದರೆ, ಮೇಲೆ ಕೆಳಗೆ ಬಿಟ್ಟ ಜಾಗವೂ ಸೇರಿ, ಚಿತ್ರದ ಉದ್ದದಲ್ಲಿ ಎರಡು ಮೀಟರು ಹಿಡಿಯುತ್ತದೆಂದುಕೊಳ್ಳಿ. ಎರಡು ಮೀಟರನ್ನು 4000 ಚುಕ್ಕೆಗೆ ಹಂಚಿದರೆ ಒಂದು ಚುಕ್ಕೆಯ ಪಾಲಿಗೆ ಅರ್ಧ ಮಿಲಿಮೀಟರು ಬಂತು. ಕೂದಲಿನ ದಪ್ಪ ಅದರ ಏಳನೆಯ ಒಂದು ಪಾಲು ಮಾತ್ರ. ಎಂದಮೇಲೆ ತಲೆಯಿಂದ ಹೊರಕ್ಕೆ ಚಾಚಿದ ಒಂಟಿ ಕೂದಲು ಬಿದ್ದ ಆ ಚುಕ್ಕೆಯಲ್ಲಿ ಒಂದು ಪಾಲು ಕೂದಲು, ಉಳಿದ ಆರು ಪಾಲೂ ಹಿಂದಿನ ಗೋಡೆ.

ಗೋಡೆಯ ಬೆಳಕನ್ನು 240 ಎಂದೂ ಕೂದಲಿನದನ್ನು 30 ಎಂದೂ ಇಟ್ಟುಕೊಂಡರೆ, ಎರಡೂ ಬೆರೆತ ಚುಕ್ಕೆ ಸುಮಾರು 210ಕ್ಕೆ ಬಂದು ನಿಲ್ಲುತ್ತದೆ. ಅದು ಕಪ್ಪಲ್ಲ, ಗೋಡೆಯೇ ಅಲ್ಲಿ ತುಸು ಮಾಸಿದೆಯೆಂಬಂಥ ಬಣ್ಣ. ಈಗ ಕತ್ತರಿ ಹಿಡಿದವನು ಏನು ಮಾಡಬೇಕು? ಆ ಚುಕ್ಕೆಯನ್ನು ಇಟ್ಟುಕೊಂಡರೆ ಅದರೊಡನೆ ಆರು ಪಾಲು ಗೋಡೆಯೂ ಬಂದು ಹೊಸ ಹಿನ್ನೆಲೆಯ ಮೇಲೆ ಕೂರುತ್ತದೆ. ನಮ್ಮ ಸ್ವಿಟ್ಜರ್ಲೆಂಡಿನ ದಂಪತಿಗಳ ತಲೆಯ ಸುತ್ತಲಿನ ಬಿಳಿಯ ಗೆರೆ ಇದೇ. ಅದನ್ನು ಬಿಟ್ಟರೆ ಕೂದಲೂ ಹೋಯಿತು. ತಗಡಿನ ತಲೆ ಉಳಿಯಿತು. ಕತ್ತರಿಯ ನ್ಯಾಯದಲ್ಲಿ ಮೂರನೆಯ ದಾರಿಯಿಲ್ಲ.

ಮೂರನೆಯ ದಾರಿ ಹಂಸದ್ದು. ಹಾಲಿನಲ್ಲಿ ನೀರು ಬೆರೆಸಿಟ್ಟರೆ ಹಂಸ ಹಾಲನ್ನಷ್ಟೆ ಹೀರಿ ನೀರನ್ನು ಬಿಡುತ್ತದೆಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಹಂಸ ಹಾಗೆ ಮಾಡುತ್ತದೋ ಇಲ್ಲವೋ ಪಕ್ಷಿಶಾಸ್ತ್ರಜ್ಞರು ಹೇಳಲಿ; ಗಣಕಯಂತ್ರ ಮಾತ್ರ ಮಾಡಬೇಕಾಗಿ ಬಂದಿದೆ. ಆ ಚುಕ್ಕೆಯಲ್ಲಿ ಏಳನೆಯ ಒಂದು ಪಾಲು ಕೂದಲೆಂದು ಮೊದಲು ಗುರುತಿಸಬೇಕು. ಅಷ್ಟನ್ನೇ ಎತ್ತಿಕೊಂಡು, ಉಳಿದ ಆರು ಪಾಲಿನ ಜಾಗಕ್ಕೆ ಹೊಸ ಹಿನ್ನೆಲೆಯನ್ನು ತುಂಬಬೇಕು. ಚುಕ್ಕೆಯನ್ನು 'ಇಡು' ಎಂದೋ 'ಬಿಡು' ಎಂದೋ ಅಲ್ಲ, 'ಇಷ್ಟು ಇಡು' ಎನ್ನುವ ಈ ಅಳತೆಯನ್ನು ಪ್ರತಿಯೊಂದು ಚುಕ್ಕೆಯೊಡನೆಯೂ ಬರೆದಿಡುವ ಯೋಚನೆ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್ ಎಂಬಿಬ್ಬರಿಗೆ 1977ರಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಹೊಳೆಯಿತು. ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಜೊತೆಗೆ ಈ ನಾಲ್ಕನೆಯದನ್ನೂ ಸೇರಿಸಿ ಅದಕ್ಕೆ ಆಲ್ಫಾ ಎಂದು ಹೆಸರಿಟ್ಟರು. ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಎಂಬವರು 1984ರಲ್ಲಿ, ಹೀಗೆ ಅಳೆದಿಟ್ಟ ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸುವ ಗಣಿತವನ್ನು ಬರೆದು ಪ್ರಕಟಿಸಿದರು. ಈ ನಾಲ್ವರಿಗೂ 1996ರಲ್ಲಿ ಹಾಲಿವುಡ್ಡಿನ ಅಕಾಡೆಮಿ ತಾಂತ್ರಿಕ ಪ್ರಶಸ್ತಿಯನ್ನು ಕೊಟ್ಟಿತು. ಇಂದು ಫೋನಿನ ಪರದೆಯ ಮೇಲೆ ನಾವು ಒಂದು ಚಿತ್ರವನ್ನು ಇನ್ನೊಂದರ ಮೇಲೆ ಇಟ್ಟಾಗಲೆಲ್ಲ ನಡೆಯುವುದು ಇವರ ಲೆಕ್ಕವೇ.

ಅಳತೆ ತಿಳಿದಮೇಲೆ ಹೊಂದಿಸುವುದು ಸರಿ. ಅಳತೆಯನ್ನೇ ತಿಳಿಯುವುದು ಹೇಗೆ? ಇಲ್ಲಿ ಗಣಿತ ಕೈಚೆಲ್ಲುತ್ತದೆ. ಚಿತ್ರ ನಮಗೆ ಕೊಡುವುದು ಬೆರೆತ ಚುಕ್ಕೆಯ ಮೂರು ಅಂಕಿಗಳನ್ನು: ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು. ನಮಗೆ ಬೇಕಾದವು ಏಳು: ಕೂದಲಿನ ನಿಜವಾದ ಬಣ್ಣದ ಮೂರು, ಹಿನ್ನೆಲೆಯ ಬಣ್ಣದ ಮೂರು, ಬೆರಕೆಯ ಪ್ರಮಾಣ ಒಂದು. ಮೂರು ಸಮೀಕರಣದಿಂದ ಏಳು ಅಜ್ಞಾತಗಳನ್ನು ಬಿಡಿಸಲು ಯಾವ ಗಣಿತದ ಮೇಷ್ಟರಿಂದಲೂ ಆಗದು. ಲೋಟದಲ್ಲಿರುವ ಕಾಫಿಯ ಬಣ್ಣವನ್ನು ಮಾತ್ರ ನೋಡಿ ಡಿಕಾಕ್ಷನ್ ಎಷ್ಟು ಗಟ್ಟಿಯಾಗಿತ್ತು, ಹಾಲಿಗೆ ನೀರು ಎಷ್ಟು ಬಿದ್ದಿತ್ತು ಎಂದು ಹೇಳಿದ ಹಾಗೆ!

ಚಲನಚಿತ್ರದವರು ಇದಕ್ಕೊಂದು ಉಪಾಯವನ್ನು ಮೊದಲೇ ಕಂಡುಕೊಂಡಿದ್ದರು: ಹಿನ್ನೆಲೆ ಯಾವುದೆಂಬುದನ್ನು ಚಿತ್ರ ತೆಗೆಯುವ ಮುಂಚೆಯೇ ನಿಶ್ಚಯಿಸಿಬಿಡುವುದು. ನಟನ ಹಿಂದೆ ನೀಲಿಯ ಅಥವಾ ಹಸಿರಿನ ಪರದೆ ಕಟ್ಟುವ ಪದ್ಧತಿ ಇದರಿಂದ ಬಂದದ್ದು. 1964ರಲ್ಲಿ ತೆರೆಕಂಡ ಡಿಸ್ನಿಯವರ 'ಮೇರಿ ಪಾಪಿನ್ಸ್' ಚಿತ್ರದಲ್ಲಿ ಇದಕ್ಕಿಂತ ಸೊಗಸಾದ ವಿಧಾನ ಬಳಕೆಯಾಯಿತು. ಪೆಟ್ರೋ ವ್ಲಾಹೋಸ್ ಎಂಬ ತಂತ್ರಜ್ಞನ ಹೆಸರು ಇದರೊಡನೆ ಸೇರಿಕೊಂಡಿದೆ. ನಟರ ಹಿಂದಿನ ಪರದೆಯ ಮೇಲೆ ಸೋಡಿಯಂ ದೀಪಗಳ ಹಳದಿ ಬೆಳಕು. ಆ ಹಳದಿ ಸುಮಾರು 589 ನ್ಯಾನೋಮೀಟರಿನ ಒಂದು ಸಣ್ಣ ಪಟ್ಟಿ ಮಾತ್ರ. ಕ್ಯಾಮೆರಾದೊಳಗಿನ ಅಶ್ರಗವೊಂದು ಬಂದ ಬೆಳಕನ್ನು ಇಬ್ಭಾಗಿಸಿ, ಆ ಹಳದಿಯೊಂದನ್ನುಳಿದು ಮಿಕ್ಕೆಲ್ಲವನ್ನೂ ಒಂದು ಫಿಲ್ಮಿಗೆ, ಆ ಹಳದಿಯೊಂದನ್ನೇ ಇನ್ನೊಂದು ಫಿಲ್ಮಿಗೆ ಕಳುಹಿಸುತ್ತಿತ್ತು. ಎರಡನೆಯ ಫಿಲ್ಮು ತಾನಾಗಿಯೇ ಅಳತೆಯ ಪಟ್ಟಿಯಾಯಿತು. ಕೂದಲು, ತೆಳುಬಟ್ಟೆಗಳಂಥ ನವುರಾದ ಅಂಚುಗಳೂ ಅದರಲ್ಲಿ ಉಳಿದುಬಂದವು. ಮುಂದೆ 1996ರಲ್ಲಿ ಅದೇ ಆಲ್ವಿ ರೇ ಸ್ಮಿತ್, ಜೇಮ್ಸ್ ಬ್ಲಿನ್ ಎಂಬವರೊಡನೆ ಸೇರಿ, ಒಂದೇ ವಸ್ತುವನ್ನು ಅಲುಗಿಸದೆ ಎರಡು ಬೇರೆ ಬೇರೆ ಬಣ್ಣದ ಹಿನ್ನೆಲೆಗಳ ಮುಂದೆ ತೆಗೆದರೆ ಸಮಸ್ಯೆ ಸಂಪೂರ್ಣವಾಗಿ ಬಿಡುತ್ತದೆಂದು ಸಿದ್ಧಪಡಿಸಿ ತೋರಿಸಿದರು. ಸಿದ್ಧಾಂತ ನಿರ್ದೋಷವಾದದ್ದು. ಕೂದಲು ಒಂದು ಕ್ಷಣವೂ ಅಲುಗದ ಮನುಷ್ಯನನ್ನು ಹುಡುಕುವ ಭಾರವನ್ನು ನಮಗೆ ಬಿಟ್ಟಿದ್ದಾರೆ, ಅಷ್ಟೆ.

ಈ ಸೋಡಿಯಂ ದೀಪ, ಅಶ್ರಗಗಳ ಭಾಗ್ಯ ನಮ್ಮ ಮನೆಗಳ ಚಿತ್ರಗಳಿಗಿಲ್ಲ. ನಮ್ಮಲ್ಲಿ ಬಹುಪಾಲು ಹಿರಿಯರ ಚಿತ್ರವೆಂದರೆ ಯಾರದೋ ಮದುವೆಯ ಗುಂಪಿನಲ್ಲಿ, ಯಾರದೋ ಭುಜದ ಹಿಂದೆ, ಹೆಬ್ಬೆರಳಿನ ಉಗುರಿನಷ್ಟು ಗಾತ್ರದಲ್ಲಿ ಸಿಕ್ಕುವ ಒಂದು ಮುಖ. ಅವರು ಇರುವತನಕ ಅದು ಸಾಕಾಗಿರುತ್ತದೆ. ಹೋದ ಮೂರನೆಯ ದಿನಕ್ಕೆ ಅದೇ ಮುಖ ಒಂದೂವರೆ ಅಡಿಯ ಚೌಕಟ್ಟಿನಲ್ಲಿ ಗಂಧದ ಹಾರಕ್ಕೆ ಸಿದ್ಧವಾಗಬೇಕು.

ನಮ್ಮ ಬೀದಿಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ, ರಾಯರೆಂದೇ ಕರೆಯೋಣ. ಎರಡು ವರ್ಷದ ಹಿಂದೆ ಅವರ ಮನೆಯವರು ತೀರಿಕೊಂಡರು. ಆಕೆಗೆ ಕ್ಯಾಮೆರಾ ಎಂದರೆ ಆಗುತ್ತಿರಲಿಲ್ಲ. ಆಧಾರದ ಚೀಟಿಯಲ್ಲಿದ್ದ ಮುಖವನ್ನು ಚೌಕಟ್ಟಿಗೆ ಹಾಕಿಸುವ ಧೈರ್ಯ ಮಕ್ಕಳಿಗಿರಲಿಲ್ಲ. ಕೊನೆಗೆ ನೆಂಟರ ಮನೆಯ ಪೆಟ್ಟಿಗೆಯಿಂದ 1996ರ ಮದುವೆಯೊಂದರ ಬಣ್ಣದ ಪ್ರತಿ ಸಿಕ್ಕಿತು. ಅದರಲ್ಲಿ ಆಕೆ ಯಾವುದೋ ಮಾತಿಗೆ ನಗುತ್ತ ತಿರುಗಿದ್ದಾರೆ. ಮಗಳು ಅದನ್ನು ಪೇಟೆಯ ಒಂದು ಸ್ಟುಡಿಯೋಕ್ಕೆ ಕೊಟ್ಟು ಬಂದಳು. ಮರುದಿನವೇ ಚೌಕಟ್ಟು ಬಂತು: ನೀಲಿ ಆಕಾಶ, ನುಣುಪಾದ ತಲೆ. ವೈಕುಂಠಸಮಾರಾಧನೆಗೆ ಬಂದವರೆಲ್ಲ "ಚೆನ್ನಾಗಿ ಬಂದಿದೆ" ಎಂದರು. ರಾಯರು ಅಂದು ಏನೂ ಹೇಳಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಮಗಳನ್ನು ಕರೆದು, "ಅದನ್ನು ಒಳಗಿಡಮ್ಮ. ನಿಮ್ಮಮ್ಮ ಎಷ್ಟೇ ಎಣ್ಣೆ ಹಚ್ಚಿ ಬಾಚಿದರೂ ಎಡಗಿವಿಯ ಹತ್ತಿರದ ನಾಲ್ಕು ಕೂದಲು ಅವಳ ಮಾತು ಕೇಳುತ್ತಿರಲಿಲ್ಲ. ದಿನಕ್ಕೆ ನೂರು ಸಲ ಹಿಂದಕ್ಕೆ ಸರಿಸುತ್ತಿದ್ದಳು. ಇವರು ಯಾರೋ ಬೇರೆ," ಎಂದರಂತೆ.

ಮಗಳು ಮೂಲಪ್ರತಿಯನ್ನು ಹಿಡಿದು ನಮ್ಮ ಮನೆಗೆ ಬಂದಳು. ಕಾಲೇಜಿನ ಸ್ಮರಣ ಸಂಚಿಕೆಯ ಪುಟಗಳನ್ನು ಕಟ್ಟಿಕೊಡುವ ಯುವಕನೊಬ್ಬ ನನಗೆ ಪರಿಚಿತ. ಅವನ ಅಂಗಡಿ ಒಂದು ಟೈಪಿಂಗ್ ಶಾಲೆಯ ಮೇಲಿನ ಮಹಡಿಯಲ್ಲಿದೆ. ರಾಯರನ್ನೂ ಮಗಳನ್ನೂ ಕರೆದುಕೊಂಡು ಅಲ್ಲಿಗೆ ಹೋದೆ. ಆ ಎರಡು ಸಂಜೆಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ಓದುಗರಲ್ಲಿ ಯಾರಾದರೂ ಮನೆಯಲ್ಲೇ ಮಾಡಿನೋಡುವಂತಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ಅವನು ಪ್ರತಿಯನ್ನು 1200 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದ. ಅಂಗುಲಕ್ಕೆ 1200 ಚುಕ್ಕೆ; ಒಂದು ಸೆಂಟಿಮೀಟರಿನ ಮುಖಕ್ಕೆ 470ರಷ್ಟಾಯಿತು. ಬಳಿಕ ಚಾನೆಲ್ ಎಂಬ ಪಟ್ಟಿಯನ್ನು ತೆರೆದ. ಬಣ್ಣದ ಚಿತ್ರವೆಂಬುದು ಮೂರು ಕಪ್ಪುಬಿಳುಪು ಚಿತ್ರಗಳ ಸಂಗಮ. ಕೆಂಪಿನದೊಂದು, ಹಸಿರಿನದೊಂದು, ನೀಲಿಯದೊಂದು. ಒಂದೊಂದನ್ನೇ ಬಿಡಿಯಾಗಿ ನೋಡಬಹುದು. ಕಪ್ಪು ಕೂದಲು ಯಾವ ಚಿತ್ರದಲ್ಲಿ ಹಿನ್ನೆಲೆಯಿಂದ ಹೆಚ್ಚು ಬೇರೆಯಾಗಿ ಕಾಣುತ್ತದೋ ಅದನ್ನು ಹಿಡಿಯಬೇಕು. ಪಾಠ ಹೇಳುವವರು ಸಾಮಾನ್ಯವಾಗಿ ನೀಲಿಯನ್ನು ಹಿಡಿಯಿರಿ ಎನ್ನುತ್ತಾರೆ. ಈ ಹುಡುಗ ನೀಲಿಯನ್ನು ತೆರೆದೊಡನೆ ಕೂದಲೂ ಹಿಂದಿನ ಶಾಮಿಯಾನವೂ ಒಂದೇ ಕಪ್ಪಾಗಿ ಕಲೆತುಹೋದವು. "ಶಾಮಿಯಾನ ಹಳದಿ ಸಾರ್. ಹಳದಿಯಲ್ಲಿ ನೀಲಿ ಇರೋದಿಲ್ಲ, ಅದಕ್ಕೇ ಇಲ್ಲಿ ಕತ್ತಲೆ. ಕೆಂಪಿನಲ್ಲಿ ನೋಡಿ," ಎಂದು ಇನ್ನೊಂದನ್ನು ಒತ್ತಿದ. ಶಾಮಿಯಾನ ಬೆಳ್ಳಗೆ ಬೆಳಗಿತು. ಅದರ ಮೇಲೆ ಎಡಗಿವಿಯ ಬಳಿ ನಾಲ್ಕಲ್ಲ, ಐದು ಕೂದಲು ಶಾಯಿಯಲ್ಲಿ ಎಳೆದಂತೆ ಎದ್ದು ನಿಂತವು. ರಾಯರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಬಲಗಡೆ ಬೇರೆ ಕಥೆ. ಅಲ್ಲಿ ಹಿಂದೆ ನಿಂತಾಕೆಯದು ನೀಲಿ ಸೀರೆ. ಕೆಂಪಿನ ಚಾನೆಲ್ಲಿನಲ್ಲಿ ಅದು ಕಪ್ಪು, ನೀಲಿಯಲ್ಲಿ ಬೆಳಕು. ಆದ್ದರಿಂದ ಎಡಕ್ಕೆ ಕೆಂಪಿನ ನಕಲು, ಬಲಕ್ಕೆ ನೀಲಿಯ ನಕಲು. ಮೂಲವನ್ನು ಮುಟ್ಟುವಂತಿಲ್ಲ, ಕೆಲಸವೆಲ್ಲ ನಕಲಿನ ಮೇಲೆಯೇ. ನಕಲನ್ನು ತಿರುವುಮುರುವು ಮಾಡಿದಾಗ ಕೂದಲು ಬಿಳುಪಾಯಿತು, ಹಿನ್ನೆಲೆ ಕಪ್ಪಾಯಿತು. ಮರೆಗೆ ಮಾಸ್ಕ್ ಎಂದು ಹೆಸರು. ಅದರಲ್ಲಿ ಬಿಳುಪು ಇದ್ದ ಕಡೆ ಚಿತ್ರ ಕಾಣುತ್ತದೆ. ಕಪ್ಪಿದ್ದ ಕಡೆ ಮರೆಯಾಗುತ್ತದೆ. ಬೂದಿಯಿದ್ದ ಕಡೆ ಬೂದಿಯ ತೂಕಕ್ಕೆ ತಕ್ಕಷ್ಟು ಮಾತ್ರ ಕಾಣುತ್ತದೆ. ಹಂಸದ ಕೆಲಸ ನಡೆಯುವುದು ಈ ಬೂದಿಯಲ್ಲಿ. ಲೆವೆಲ್ಸ್ ಎಂಬ ಸಲಕರಣೆಯಿಂದ ಕಪ್ಪನ್ನು ಇನ್ನಷ್ಟು ಕಪ್ಪು, ಬಿಳುಪನ್ನು ಇನ್ನಷ್ಟು ಬಿಳುಪು ಮಾಡಬೇಕು. ಆದರೆ ನಡುವಿನ ಬೂದಿ ಸಾಯುವಷ್ಟು ಎಳೆಯಕೂಡದು. ಅವಸರದ ಕೈಗಳು ಎಡವುವುದು ಇಲ್ಲಿಯೇ. ಪೂರ್ತಿ ಎಳೆದುಬಿಟ್ಟರೆ ಮತ್ತೆ ಕತ್ತರಿಯ ನ್ಯಾಯಕ್ಕೇ ಬಂದ ಹಾಗಾಯಿತು. ಮುಖವನ್ನೂ ಕೊರಳನ್ನೂ ಬಿಳಿಯ ಕುಂಚದಿಂದ ತುಂಬಿಸಿ, ದೂರದ ಹಿನ್ನೆಲೆಗೆ ಕಪ್ಪು ಬಳಿದು, ಕೂದಲಿನ ಸುತ್ತಲಿನ ಒಂದು ಬೆರಳಗಲವನ್ನು ಮಾತ್ರ ಅವನು ಒಂದು ಗಂಟೆಗೂ ಮಿಕ್ಕಿ ತಿದ್ದಿದ. ಬರ್ನ್ ಎಂಬ ಸಲಕರಣೆಯನ್ನು ನೆರಳಿಗೆ ಮಾತ್ರ ತಗಲುವಂತೆ ಇಟ್ಟುಕೊಂಡರೆ, ಅದು ಹಿನ್ನೆಲೆಯ ಕೊಳೆಯನ್ನು ಕಪ್ಪಾಗಿಸುತ್ತದೆ, ಕೂದಲಿನ ಬಿಳುಪನ್ನು ಹೆಚ್ಚಾಗಿ ಮುಟ್ಟದು. ಡಾಡ್ಜ್ ಎಂಬುದು ಇದಕ್ಕೆ ವಿರುದ್ಧ.

ಇಷ್ಟಾದರೂ ಒಂದು ಉಳಿಯಿತು. ಬಿಡಿಸಿ ತೆಗೆದ ಐದು ಕೂದಲುಗಳಿಗೆ ಶಾಮಿಯಾನದ ಹಳದಿ ಮೆತ್ತಿಕೊಂಡಿತ್ತು. ಪ್ರಮಾಣವನ್ನು ಅಳೆದರೂ ಬಣ್ಣ ಬೆರೆತದ್ದು ಬೆರೆತೇ ಇರುತ್ತದಷ್ಟೆ. ಇದನ್ನು ತೊಳೆಯಲು ಡೀಕಂಟ್ಯಾಮಿನೇಟ್ ಕಲರ್ಸ್ ಎಂಬ ಒಂದು ಗುಂಡಿಯಿದೆ. ಅಂಚಿನ ಚುಕ್ಕೆಗಳಿಗೆ ಒಳಗಿನ ಕೂದಲಿನ ಬಣ್ಣವನ್ನು ಬಳಿಯುತ್ತದೆ. ಹುಡುಗ ಅದನ್ನು ಒತ್ತಲಿಲ್ಲ. "ಆಕಾಶ ಹಾಕಿದರೆ ಇದು ಬೇಕಾಗುತ್ತೆ. ಆಕಾಶ ಯಾಕೆ ಸಾರ್?" ಎಂದು, ಒಣಹುಲ್ಲಿನ ಬಣ್ಣದ ಒಂದು ಮಂಕಾದ ಹಿನ್ನೆಲೆಯನ್ನು ಇಟ್ಟ. ಹಳದಿಯ ನೆಂಟನಾದ ಆ ಬಣ್ಣದಲ್ಲಿ ಕೂದಲಿಗೆ ಮೆತ್ತಿದ್ದ ಹಳದಿ ಕರಗಿಹೋಯಿತು. ನಾನು ಕಂಡಂತೆ ಈ ವಿದ್ಯೆಯ ಅರ್ಧಪಾಲು ಇಷ್ಟರಲ್ಲಿದೆ: ಹೊಸ ಹಿನ್ನೆಲೆಯ ಬೆಳಕೂ ಬಣ್ಣವೂ ಹಳೆಯದಕ್ಕೆ ಹತ್ತಿರವಿದ್ದರೆ, ಅಳತೆಯಲ್ಲಿ ಆದ ಹೆಚ್ಚುಕಡಿಮೆಯನ್ನು ಯಾರ ಕಣ್ಣೂ ಹಿಡಿಯದು. ನೀಲಿ ಆಕಾಶದ ಮೋಹ ನಮ್ಮವರಿಗೆ ಎಲ್ಲಿಂದ ಬಂತೋ! ಸ್ವರ್ಗಸ್ಥರಾದವರು ಆಕಾಶದಲ್ಲೇ ಇರಬೇಕೆಂಬ ತರ್ಕವೆಂದರೂ ಬಿಡಿಸುವವನ ಕಷ್ಟವನ್ನೂ ಕೊಂಚ ನೋಡಬೇಡವೆ?

ಎರಡನೆಯ ಸಂಜೆ ಒಂದು ಮಾತು ನಡೆಯಿತು. ತಲೆಯ ಹಿಂಭಾಗದಲ್ಲಿ, ತುರುಬಿನ ಮೇಲೆ, ಯಾರದೋ ಕಪ್ಪು ಕೋಟಿನ ತೋಳು ಅಡ್ಡ ಬಂದಿತ್ತು. ಕಪ್ಪಿನ ಮೇಲೆ ಕಪ್ಪು. ಯಾವ ಚಾನೆಲ್ಲೂ ಅದನ್ನು ಬಿಡಿಸಲಾರದು. ಅಲ್ಲಿ ಹುಡುಗ ಅಂದಾಜಿನಲ್ಲಿ ಒಂದು ಮೃದುವಾದ ಅಂಚು ಕೊಟ್ಟು, ಬರಿದಾಗಿ ಕಾಣದಿರಲೆಂದು ಸಣ್ಣ ಕುಂಚದಿಂದ ಮೂರು ಕೂದಲನ್ನು ತಾನೇ ಎಳೆದಿದ್ದ. ಚೆನ್ನಾಗಿಯೇ ಎಳೆದಿದ್ದ, ನನಗೆ ಗೊತ್ತಾಗಲಿಲ್ಲ. ಪ್ರಾಮಾಣಿಕನಾದ್ದರಿಂದ ಅವನೇ ಹೇಳಿದ. ರಾಯರು, "ಯಾವುವು, ತೋರಿಸಪ್ಪ," ಎಂದರು. ಅವನು ತೋರಿಸಿದ. ಅವರು ಸ್ವಲ್ಪ ಹೊತ್ತು ನೋಡುತ್ತ ಕುಳಿತು, "ಇವು ಬೇಡ. ತೆಗೆದುಬಿಡು. ಅವಳದ್ದು ಎಷ್ಟು ಸಿಕ್ಕಿದೆಯೋ ಅಷ್ಟು ಸಾಕು," ಎಂದರು. ಮಗಳು, "ಇರಲಿ ಬಿಡಿ ಅಪ್ಪ, ಯಾರಿಗೆ ತಿಳಿಯುತ್ತೆ?" ಎಂದಳು. "ನನಗೆ ತಿಳಿಯುತ್ತೆ," ಎಂದರು ರಾಯರು. ಮೂರೂ ಹೋದವು. ತುರುಬಿನ ಆ ಮೂಲೆ ಈಗಲೂ ಕೊಂಚ ಮಂಕಾಗಿದೆ.

ಈ ಮಾತು ಇಂದು ಮೊದಲಿಗಿಂತ ಹೆಚ್ಚು ಪ್ರಸ್ತುತವೆಂದು ನನಗನ್ನಿಸುತ್ತದೆ. ಆ ಹುಡುಗ ಎರಡು ಸಂಜೆ ಮಾಡಿದ ಕೆಲಸವನ್ನು ಯಂತ್ರ ಈಗ ಎರಡು ಕ್ಷಣದಲ್ಲಿ ಮಾಡಹೊರಟಿದೆ. ಫೋಟೋಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ, ಥಾಮಸ್ ನೋಲ್, ಜಾನ್ ನೋಲ್ ಎಂಬ ಅಣ್ಣತಮ್ಮಂದಿರ ಸೃಷ್ಟಿಯಾಗಿ. ಕೂದಲಿಗೆಂದು ಅದರಲ್ಲಿ ಬಗೆಬಗೆಯ ಸಲಕರಣೆಗಳು ಬಂದುಹೋದವು. 2016ರಲ್ಲಿ ಸೆಲೆಕ್ಟ್ ಅಂಡ್ ಮಾಸ್ಕ್ ಎಂಬ ಪ್ರತ್ಯೇಕ ಕಮ್ಮಟವೇ ಬಂತು. 2020ರಲ್ಲಿ ಅದರೊಳಗೆ ರಿಫೈನ್ ಹೇರ್ ಎಂಬ ಗುಂಡಿ ಬಂತು. ಒತ್ತಿದರೆ ಕೂದಲಿನ ಅಂಚನ್ನು ತಾನೇ ಹುಡುಕುತ್ತದೆ. ಇದರ ಹಿಂದಿನ ವಿದ್ಯೆ ಗಣಿತದ್ದಕ್ಕಿಂತ ಹೆಚ್ಚಾಗಿ ಅಭ್ಯಾಸದ್ದು. 2017ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಸಂಶೋಧನೆಯಲ್ಲಿ, ಎಚ್ಚರದಿಂದ ಬಿಡಿಸಿದ 493 ವಸ್ತುಗಳ ಚಿತ್ರಗಳನ್ನು ಒಂದೊಂದನ್ನೂ ನೂರು ಹಿನ್ನೆಲೆಗಳ ಮೇಲಿಟ್ಟು, 49,300 ಮಾದರಿಗಳನ್ನು ಮಾಡಿ ಯಂತ್ರಕ್ಕೆ ತೋರಿಸಿದರು. ಮೂರು ಸಮೀಕರಣಗಳಿಂದ ಏಳನ್ನು ಬಿಡಿಸಲಾಗದಿದ್ದರೂ, ಅಷ್ಟು ಕೂದಲುಗಳನ್ನು ಕಂಡ ಯಂತ್ರ 'ಇದು ಹೀಗಿದ್ದಿರಬೇಕು' ಎಂದು ಊಹಿಸುವುದನ್ನು ಕಲಿಯಿತು. ವೈದ್ಯರ ಮನೆಯ ಕಾಂಪೌಂಡರನು ಕ್ರಮೇಣ ನಾಡಿ ಹಿಡಿಯುವುದನ್ನು ಕಲಿತಂತೆ.

ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಕ್ಯಾಮೆರಾ ಕಂಡದ್ದರಲ್ಲಿ ಯಾವುದು ಕೂದಲು, ಯಾವುದು ಗೋಡೆ ಎಂದು ಪಾಲುಮಾಡುವಾಗ ಊಹೆಯ ಸಹಾಯ ಪಡೆದರೆ ತಪ್ಪೇನು? ಪಾಲಾಗುವುದು ಇದ್ದ ಆಸ್ತಿಯೇ. ಆದರೆ ಇತ್ತೀಚಿನ ವರ್ಷಗಳಲ್ಲಿ ಬಂದಿರುವ ಇನ್ನೊಂದು ಬಗೆಯ ಯಂತ್ರಗಳು ಪಾಲುಮಾಡುವುದಿಲ್ಲ, ಹುಟ್ಟಿಸುತ್ತವೆ. ಹಳೆಯ ಮಸುಕು ಚಿತ್ರವನ್ನು ಕೊಟ್ಟರೆ ಎಳೆಎಳೆಯಾದ ಕೂದಲನ್ನು ಹೊಸದಾಗಿ ನೆಯ್ದು ಕೊಡುತ್ತವೆ. ನೋಡಲು ಬಲು ಸೊಗಸು. ಆ ಕೂದಲು ಯಾರದು? ಅದು ಲಕ್ಷಾಂತರ ಅಪರಿಚಿತರ ತಲೆಗಳ ಸರಾಸರಿ. ನಾಟಕದವರ ಟೋಪನ್ನು ಅಜ್ಜಿಗೆ ತೊಡಿಸಿದ ಹಾಗೆ. ಮದುವೆಯ ಕರೆಯೋಲೆಗೆ, ಅಂಗಡಿಯ ಜಾಹೀರಾತಿಗೆ ಟೋಪು ಒಪ್ಪುತ್ತದೆ. ಗೋಡೆಯ ಮೇಲೆ ಹಾರ ಹಾಕುವ ಚಿತ್ರಕ್ಕೆ ನಾನಂತೂ ರಾಯರ ಪಕ್ಷ. ಸೊಸೆಯಂದಿರು ಬೇರೆ ಅಭಿಪ್ರಾಯ ಪಟ್ಟರೆ ಮನೆಯಲ್ಲಿ ಮಾತಾಡಿಕೊಳ್ಳಲಿ. ಮಾಡಿಸುವ ಮುಂಚೆ ಮಾತಾಡಿಕೊಂಡರೆ ಒಳಿತು. ಚೌಕಟ್ಟು ಬಂದಮೇಲೆ ಯಾರೂ ಬಾಯಿಬಿಡುವುದಿಲ್ಲ.

ಇನ್ನು, ಮುಂದೆ ಚಿತ್ರ ತೆಗೆಸುವವರಿಗೆ ಒಂದೆರಡು ಮಾತು. ಬಿಡಿಸುವ ಉದ್ದೇಶವಿದ್ದರೆ ಗೋಡೆಗೆ ಒರಗಿ ನಿಲ್ಲಬೇಡಿ. ನಾಲ್ಕೈದು ಅಡಿ ಮುಂದೆ ಬನ್ನಿ. ಗೋಡೆಗೆ ತಾಗಿ ನಿಂತಾಗ ಕೂದಲಿನ ನೆರಳೂ ಕೂದಲೂ ಒಂದಾಗಿ ಕೂರುತ್ತವೆ. ಮಲ್ಲಿಗೆಯ ದಂಡೆ ಮುಡಿದವರು, ನರೆತ ತಲೆಯವರು ಬಿಳಿಯ ಗೋಡೆಯ ಮುಂದೆ ನಿಂತರೆ ಬಿಡಿಸುವಾಗ ಹೂವೂ ನರೆಯೂ ಗೋಡೆಯ ಪಾಲಾಗುತ್ತವೆ. ತಿಳಿಬೂದಿ ಬಣ್ಣದ ಬೆಡ್‌ಶೀಟೊಂದನ್ನು ಹಿಂದೆ ಇಳಿಬಿಟ್ಟರೂ ಸಾಕು. ಪಾಸ್‌ಪೋರ್ಟಿಗಾದರೆ ಬಿಳಿಯ ಹಿನ್ನೆಲೆಯೇ ಬೇಕಾದ್ದರಿಂದ ಬಿಳಿಯ ಗೋಡೆಯ ಮುಂದೆಯೇ ತೆಗೆಸಿ, ಬಿಡಿಸುವ ಗೋಜನ್ನೇ ತಪ್ಪಿಸಿಕೊಳ್ಳಬಹುದು. ಫೋನಿನ ಪೋರ್ಟ್ರೇಟ್ ಮೋಡನ್ನು ನಂಬಬೇಡಿ. ಹಿನ್ನೆಲೆಯನ್ನು ಮಸುಕುಗೊಳಿಸುವ ಭರದಲ್ಲಿ ಅದು ಹೊರಚಾಚಿದ ಕೂದಲನ್ನೂ, ಜುಮುಕಿಗೂ ಕೊರಳಿಗೂ ನಡುವಿನ ಸಂದನ್ನೂ ಒಂದೇ ಮಸುಕಿನಲ್ಲಿ ಅದ್ದಿಬಿಡುತ್ತದೆ. ಮುಂದೆ ಯಾವ ಹಂಸವೂ ಅದನ್ನು ಬಿಡಿಸಲಾರದು. ಕಪ್ಪು ಕೂದಲನ್ನು ಬಿಳಿಯ ಹಿನ್ನೆಲೆಯಿಂದ ಎತ್ತಿ ಇನ್ನೊಂದು ತಿಳಿಬಣ್ಣದ ಹಿನ್ನೆಲೆಗೆ ಇಡುವುದಾದರೆ, ಚಿತ್ರದ ಪದರವನ್ನು ಮಲ್ಟಿಪ್ಲೈ ಎಂಬ ವಿಧಾನಕ್ಕೆ ಹಾಕಿ ನೋಡಿ. ಬಿಳುಪು ತಾನಾಗಿ ಮಾಯವಾಗಿ ಕೂದಲು ಉಳಿಯುತ್ತದೆ. ಮುಖಕ್ಕೆ ಮಾತ್ರ ಬೇರೆ ಪದರ ಬೇಕು.

ಬಿಡಿಸಿದ ಚಿತ್ರವನ್ನು ಅಂಗಡಿಯಿಂದ ತರುವಾಗ ಜೆಪೆಗ್ ಎಂಬ ರೂಪದಲ್ಲಿ ಮಾತ್ರ ತರಬೇಡಿ. ಅದರಲ್ಲಿ ಆಲ್ಫಾಕ್ಕೆ ಜಾಗವಿಲ್ಲ. ಪಟ್ಟ ಪಾಡೆಲ್ಲ ಹಿನ್ನೆಲೆಯೊಡನೆ ಬೆರೆತು ಮತ್ತೆ ಹಾಲುನೀರಾಗುತ್ತದೆ. ಪಿಎನ್‌ಜಿ ರೂಪದ ಪ್ರತಿಯೊಂದನ್ನೂ, ಸಾಧ್ಯವಾದರೆ ಫೋಟೋಶಾಪಿನ ಪಿಎಸ್‌ಡಿ ಪ್ರತಿಯನ್ನೂ ಕೇಳಿ ಪಡೆಯಿರಿ. ಹಳೆಯ ಗುಂಪುಚಿತ್ರವನ್ನು ಊರಿನಿಂದ ತರಿಸುವಾಗ ಗಾಜಿನ ಚೌಕಟ್ಟಿನ ಮೇಲೆಯೇ ಫೋನು ಹಿಡಿದು ಟ್ಯೂಬ್‌ಲೈಟಿನ ಪ್ರತಿಬಿಂಬದೊಡನೆ ತೆಗೆದು ಕಳುಹಿಸುವ ನೆಂಟರು ಎಲ್ಲರಿಗೂ ಇರುತ್ತಾರೆ. ಚೌಕಟ್ಟಿನಿಂದ ಬಿಡಿಸಿ ಸ್ಕ್ಯಾನ್ ಮಾಡಿಸಿರೆಂದು ಅವರಿಗೆ ಮೊದಲೇ ಹೇಳಿ. ವಾಟ್ಸಾಪಿನಲ್ಲಿ ಕಳುಹಿಸುವುದೇ ಆದರೆ ಫೋಟೋ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಲಿ. ಫೋಟೋ ಎಂದು ಕಳುಹಿಸಿದರೆ ಅದು ದಾರಿಯಲ್ಲಿ ಚಿತ್ರವನ್ನು ಹಿಂಡಿ ಕಿರಿದುಮಾಡುತ್ತದೆ. ಹಿಂಡುವಾಗ ಮೊದಲು ಉದುರುವುದು ಕೂದಲೇ.